ಮೊದಲ ಪತ್ರಿಕೆ ಸೋದರಮಾವನಿಗೆ

ಮದುವೆ ಕರೆಯಲು ಮನೆಯಲ್ಲಿ ಎಲ್ಲರಿಗಿಂತ ಬುದ್ಧಿವಂತನನ್ನು ಆರಿಸಿ ಕಳಿಸುತ್ತಾರೆ ಎಂದು ನಾನು ಬಹಳ ಕಾಲ ನಂಬಿದ್ದೆ. ಬೇರಾವ ಕೆಲಸಕ್ಕೂ ಬಾರದವನನ್ನು ಕಳಿಸುತ್ತಾರೆ ಎಂದು ತಿಳಿದದ್ದು ಆಮೇಲೆ. ಕಾಯಿ ಕೀಳಿಸುವುದು, ಚಪ್ಪರಕ್ಕೆ ಗರಿ ತರಿಸುವುದು ಮುಂತಾದ ಜವಾಬ್ದಾರಿಗಳನ್ನು ಅಪ್ಪ ನನಗೆ ಎಂದೂ ಒಪ್ಪಿಸಿದವರಲ್ಲ. ತಂಗಿಯ ಮದುವೆ ಗೊತ್ತಾಗಿ, ತುರುವೇಕೆರೆಯ ಕಚೇರಿಗೆ ರಜೆ ಹಾಕಿ ಬಂದ ನನ್ನ ಕೈಗೆ ಪತ್ರಿಕೆಗಳ ಚೀಲವನ್ನೂ ಕುಂಕುಮದ ಭರಣಿಯನ್ನೂ ಕೊಟ್ಟು, ಮೊದಲು ಮಾವನ ಮನೆ, ಆಮೇಲೆ ಮಿಕ್ಕವರು ಎಂದರು. ಮಾವ ಎಂದರೆ ಅಮ್ಮನ ಅಣ್ಣ. ಅವರಿಗಿಂತ ಮೊದಲು ಇನ್ನೊಬ್ಬರನ್ನು ಕರೆದದ್ದು ಗೊತ್ತಾದರೆ ಮದುವೆಮನೆಯ ಕಡೆ ತಲೆ ಹಾಕಿಯೂ ಮಲಗುವವರಲ್ಲ. ಅವರು ಬಾರದಿದ್ದರೆ ಹೆಣ್ಣನ್ನು ಹಸೆಗೆ ಕರೆತರುವವರಾರು? ತಂಗಿ ಬಾಗಿಲಿಗೆ ಬಂದು, ಅಣ್ಣಾ, ಇದೊಂದನ್ನಾದರೂ ಕೆಡಿಸಬೇಡ ಎಂದು ಕಣ್ಣು ತುಂಬಿಕೊಂಡಳು. ನನಗೂ ಭಯವಾಯಿತು.

ಮಾವನ ಊರು ಬೋರನಕಣಿವೆ ಕಡೆಯ ಗುಡ್ಡಗಳ ಆಚೆ. ಬಸ್ಸು ಇಳಿದ ಮೇಲೆ ನಡಿಗೆಯೇ ಗತಿ. ದಾರಿಯ ಪ್ರತಿ ಊರಿನಲ್ಲೂ ಜಗಲಿಯ ಮೇಲೆ ನಮ್ಮ ನೆಂಟರೊಬ್ಬರು ಕೂತೇ ಇರುತ್ತಾರೆ. ಚೀಲ ಹಿಡಿದವನು ಕರೆಯದೆ ಮುಂದೆ ಹೋದರೆ ಅವರಿಗೆ ಸಿಟ್ಟು, ಕರೆದರೆ ಮಾವನಿಗೆ ಸಿಟ್ಟು. ಆಗ ನನ್ನ ಡಿಗ್ರಿ ಓದಿದ ತಲೆ ಓಡಿತು. ರಸ್ತೆಯನ್ನೇ ಬಿಟ್ಟು ಗುಡ್ಡದ ಮೇಲೆ ಹೋದರೆ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ!

ಮೊದಲ ಊರಿನ ರಂಗಪ್ಪ ದೊಡ್ಡಪ್ಪನ ತೋಟವನ್ನು ಬೇಲಿಯ ಹಿಂದೆ ಬಗ್ಗಿಕೊಂಡು ದಾಟಿ ಗುಡ್ಡ ಹತ್ತಿದೆ. ಕುರುಚಲು ಗಿಡಗಳು ಮುಖಕ್ಕೆ ಬಡಿದವು, ಜಾಲಿ ಮುಳ್ಳು ಪಂಚೆಯನ್ನು ಅಲ್ಲಲ್ಲಿ ಉಳಿಸಿಕೊಂಡಿತು, ಚಪ್ಪಲಿಯ ಬಾರು ಕಿತ್ತು ಬಂತು. ಕೆಳಗೆ ಎತ್ತ ನೋಡಿದರೂ ತೆಂಗಿನ ತೋಟ, ತೋಟದ ತುಂಬ ಎಳನೀರು. ಮೇಲೆ ಬಾಯಿ ಒಣಗಿಸಿಕೊಂಡು ನಾನು. ಒಂದು ಗುಡ್ಡ ಇಳಿದರೆ ಇನ್ನೊಂದು ಎದುರಾಗುತ್ತಿತ್ತು. ಕುರಿ ಕಾಯುವವನೊಬ್ಬ ನನ್ನನ್ನು ಕಂಡು, ಏನು ಕಳೆದುಕೊಂಡಿದ್ದೀರಿ ಎಂದು ಕನಿಕರದಿಂದ ವಿಚಾರಿಸಿದ. ಏನೂ ಇಲ್ಲ ಎಂದು ಗತ್ತಿನಿಂದ ಕುಂಟುತ್ತ ಹೋದೆ.

ಹೊತ್ತು ನೆತ್ತಿಗೆ ಬರುವಾಗ ಮಾವನ ಮನೆ ಸೇರಿದೆ. ಅತ್ತೆ ನೀರು ಕೊಟ್ಟು, ಮಾವ ಬೆಳಗ್ಗೆಯೇ ಹಸು ನೋಡಲು ರಂಗಪ್ಪನವರ ಮನೆಗೆ ಹೋದರು ಎಂದಳು. ಪತ್ರಿಕೆಯನ್ನು ನೀನೇ ತೆಗೆದುಕೋ ಎಂದು ಅಂಗಲಾಚಿದೆ. ಯಜಮಾನರಿಲ್ಲದೆ ತೆಗೆದುಕೊಂಡರೆ ನಾಳೆ ನನ್ನನ್ನು ಬಿಟ್ಟಾರೆಯೇ ಎಂದು ಕೈ ಹಿಂದಕ್ಕೆ ಕಟ್ಟಿಕೊಂಡಳು. ಬಂದ ಗುಡ್ಡಗಳನ್ನೇ ಮತ್ತೆ ಹತ್ತಿದೆ.

ರಂಗಪ್ಪ ದೊಡ್ಡಪ್ಪನ ಜಗಲಿಯಲ್ಲಿ ಮಾವ ಎಲೆಯಡಿಕೆ ಹಾಕುತ್ತ ಕೂತಿದ್ದರು. ನಾನು ಭರಣಿ ತೆಗೆಯುತ್ತಿದ್ದಂತೆ ಕೈ ಅಡ್ಡ ಹಿಡಿದರು.

"ಕಂಡೋರ ಜಗಲೀಲಿ ಕರೆದ್ರೆ ಬತ್ತೀನೇನ್ಲಾ? ನಡಿ ಊರಿಗೆ. ನಮ್ಮನೆ ಹೊಸ್ತಿಲಲ್ಲಿ ಕೊಡು."

ನನ್ನ ಮುಖ ಹೇಗಾಯಿತೋ ಏನೋ, ದೊಡ್ಡಪ್ಪ ಎಳನೀರು ಕೆತ್ತಿಸಿ ಕೈಗಿಟ್ಟರು. ಒಂದೇ ಉಸಿರಿಗೆ ಕುಡಿದು ಎದ್ದು, ಅಭ್ಯಾಸಬಲದಿಂದ ಗುಡ್ಡದ ಕಡೆ ತಿರುಗಿದೆ. ದೊಡ್ಡಪ್ಪ ನನ್ನ ಹರಿದ ಪಂಚೆಯನ್ನೊಮ್ಮೆ ನೋಡಿದರು.

"ಬೆಳಗ್ಗೆ ಬೇಲಿ ಹಿಂದೆ ಬಗ್ಗಿಕೊಂಡು ಹೋದೋನು ನೀನೇನಪ್ಪ? ಮಾವನ್ನ ಕರೆದ ಮೇಲೇ ನಮ್ಮನ್ನ ಕರೆಯೋದು ಅಂತ ನಮಗೆ ಗೊತ್ತಿಲ್ವಾ? ರಸ್ತೇಲೇ ಹೋಗಿದ್ರೆ ಯಾರು ಬೇಡ ಅಂತಿದ್ರು? ಆಗ್ಲೇ ಒಂದು ಎಳನೀರು ಕುಡಿದು ಹೋಗಬೌದಿತ್ತು."

ಮಾವ ಚಪ್ಪಲಿ ಮೆಟ್ಟಿ ರಸ್ತೆಗಿಳಿದರು. ನಡುವಿನ ಊರುಗಳ ಜಗಲಿಜಗಲಿಯಲ್ಲೂ ನಿಂತು, ನನ್ನನ್ನ ಕರೆಯೋಕೆ ನನ್ನ ಅಳಿಯ ಗುಡ್ಡ ಹತ್ತಿ ಬಂದವ್ನೆ ಎಂದು ಎದೆಯುಬ್ಬಿಸಿ ಹೇಳಿದರು. ಎಲ್ಲರೂ ನಕ್ಕು, ಬೆಳಗ್ಗೆಯೇ ನೋಡಿದೆವು ಎಂದರು. ತಮ್ಮ ಹೊಸ್ತಿಲಲ್ಲಿ ನಿಂತು ಮಾವ ಪತ್ರಿಕೆ ತೆಗೆದುಕೊಂಡರು; ತಂಗಿಯ ಮದುವೆಯಂತೂ ಉಳಿಯಿತು. ಯಾರಿಗೂ ಕಾಣದಂತೆ ನಾನು ಹೋದ ದಾರಿ ಮಾತ್ರ, ನೋಡಿ, ಅಷ್ಟೂ ಊರುಗಳ ಜಗಲಿಗೆ ಚೆನ್ನಾಗಿ ಕಾಣುವಂಥದ್ದಾಗಿತ್ತು.