ನಲ್ಲಿ ಹಾಡಿನ ಬೆನ್ನಿಗೆ ಮಳೆ ಸುರಿಸಿದ ಯಂತ್ರದವರಿಗೆ

ನನ್ನ ಫೋನಿನೊಳಗೆ ಕುಳಿತು ಮುಂದಿನ ಹಾಡು ಯಾವುದೆಂದು ತೀರ್ಮಾನಿಸುವ ಘನತೆವೆತ್ತ ಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ತಮಗೆ ಮೈಯಿಲ್ಲವೆಂದು ಬಲ್ಲವರು ಹೇಳುವುದರಿಂದ ಆರೋಗ್ಯ ವಿಚಾರಿಸುವ ಹಾಗಿಲ್ಲ, ಮನೆಮಕ್ಕಳ ಕ್ಷೇಮ ಕೇಳುವ ಹಾಗೂ ಇಲ್ಲ. ಆದರೂ ಪತ್ರವೆಂದ ಮೇಲೆ ಒಂದು ಮರ್ಯಾದೆ ಬೇಡವೇ, ಆದಕಾರಣ ತಮ್ಮ ಚಾರ್ಜು ಸದಾ ನೂರಕ್ಕೆ ನೂರಿರಲಿ, ತಮ್ಮ ನೆಟ್‌ವರ್ಕು ಎಂದೂ ಕಡಿಯದಿರಲಿ ಎಂದು ಹಾರೈಸಿ, ನನ್ನ ಅಹವಾಲನ್ನು ತಮ್ಮ ಪಾದಗಳಲ್ಲಿ, ಪಾದಗಳಿಲ್ಲದಿದ್ದರೆ ಅವು ಇರಬೇಕಾಗಿದ್ದ ಜಾಗದಲ್ಲಿ, ಇಡುತ್ತಿದ್ದೇನೆ. ಅತಿವಿನಯ ಧೂರ್ತಲಕ್ಷಣ ಎಂಬ ಮಾತು ಓದುವಾಗ ತಮಗೆ ನೆನಪಾದರೆ ದಯವಿಟ್ಟು ಅದನ್ನು ಆ ಕ್ಷಣಕ್ಕೆ ಮರೆತುಬಿಡಿ.

ದಿನಾ ಬೆಳಗ್ಗೆ 'ನಿಮಗಾಗಿಯೇ ಆರಿಸಿದ್ದು' ಎಂದು ನನ್ನ ಮುಖಕ್ಕೆ ಹಿಡಿಯುವ ತಮಗೆ ನನ್ನ ಪರಿಚಯ ಬೇಕಿಲ್ಲ ಎಂಬುದು ತಮ್ಮ ನಂಬಿಕೆ. ತಪ್ಪು ತಿಳಿಯಬೇಡಿ, ಸ್ವಲ್ಪ ಬೇಕು. ನಾನು ಪುಸ್ತಕಗಳಿಗೆ ರಟ್ಟು ಹಾಕುವ ಬೈಂಡಿಂಗ್ ಅಂಗಡಿಯೊಂದರಲ್ಲಿ ಹದಿನೇಳು ವರ್ಷದಿಂದ ಗೋಂದು ಬಳಿಯುತ್ತಿರುವ ಮನುಷ್ಯ. ಅದಕ್ಕೇ ಅಲ್ಲಿ ನನ್ನ ಹೆಸರು ಗೋಂದಣ್ಣ. ನನ್ನ ಎಡಕ್ಕೆ ಹಾಳೆಗಳನ್ನು ಸೂಜಿಯಲ್ಲಿ ಹೊಲಿಯುವ ದಾರದಕ್ಕ, ಬಲಕ್ಕೆ ಹೊಲಿದ ಕಟ್ಟಿನ ಅಂಚುಗಳನ್ನು ಆಳೆತ್ತರದ ಯಂತ್ರದಲ್ಲಿ ದಬ್ಬೆಂದು ಕತ್ತರಿಸುವ ಕಟಿಂಗ್ ಮಾವ, ಗಾಜಿನ ಕಿಟಕಿಯ ಆಚೆ ನಮ್ಮ ಯಜಮಾನಿ, ಇಷ್ಟೇ ನಮ್ಮ ಸಂಸಾರ. ಮೂಲೆಯ ಕಪಾಟಿನ ಮೇಲೆ ಒಂದು ಖಾಲಿ ಗೋಂದಿನ ಡಬ್ಬವಿದೆ, ಅದರೊಳಗೆ ನನ್ನ ಫೋನು ನಿಲ್ಲಿಸಿದರೆ ಸದ್ದು ಗಡಿಗೆಯಿಂದ ಬಂದಂತೆ ದುಂಡಗೆ ಬರುತ್ತದೆ, ಹೀಗಾಗಿ ತಾವು ಹಗಲಿಡೀ ವಾಸವಾಗಿರುವುದು ಆ ಡಬ್ಬದಲ್ಲಿ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ.

ಸೋಮವಾರ ಸೋಮವಾರ ನಾನು ಇಪ್ಪತ್ತೆರಡು ಹಾಡುಗಳ ಹೊಸ ಪಟ್ಟಿಯೊಂದನ್ನು ಕಟ್ಟಿ ತರುತ್ತೇನೆ. ನಮ್ಮಲ್ಲಿ ಒಂದೇ ಕಾನೂನು: ಕೈ ಗೋಂದಿಗೆ ಇಳಿದ ಮೇಲೆ ಯಾರೂ ಫೋನು ಮುಟ್ಟುವಂತಿಲ್ಲ. ನನ್ನ ಹಿಂದಿನ ಫೋನು ಒಂದು ಶಬ್ದಕೋಶದ ಬೆನ್ನಿಗೆ ಅಂಟಿಕೊಂಡು ಹೋದ ದಿನ ಯಜಮಾನಿ ಮಾಡಿದ ಕಾನೂನಿದು, ದಾರದಕ್ಕ ಮತ್ತು ಮಾವನಿಗೂ ಅನ್ವಯಿಸುತ್ತದೆ, ಯಾಕೆಂದರೆ ಅವರ ಕೈಗೂ ಸಂಜೆವರೆಗೆ ನನ್ನ ಗೋಂದು ತಪ್ಪಿದ್ದಲ್ಲ. ಆದ್ದರಿಂದ ಹಾಡು ಹಿಡಿಸಲಿ ಬಿಡಲಿ, ಕೊನೆಯವರೆಗೆ ಕೇಳಲೇಬೇಕು. ಇಂಥ ಶ್ರೋತೃವರ್ಗ ಯಾವ ದೊಡ್ಡ ಗಾಯಕನಿಗೂ ಸಿಕ್ಕಿರಲಾರದು.

ನನ್ನ ಪಟ್ಟಿಯಲ್ಲಿ ದೊಡ್ಡ ಗಾಯಕರು ಇರುವುದೂ ಇಲ್ಲ. ಯಾವ ಕಂಪನಿಯ ಹಂಗೂ ಇಲ್ಲದೆ ಅಡುಗೆಮನೆಯಲ್ಲಿ, ಕಾರು ನಿಲ್ಲಿಸುವ ಶೆಡ್ಡಿನಲ್ಲಿ ತಾವೇ ಹಾಡಿ ತಾವೇ ಜಗತ್ತಿಗೆ ಬಿಡುವ ಇಂಡೀ ಮಂದಿಯೇ ನನಗೆ ಪ್ರಾಣ. ಆಸ್ಪತ್ರೆಯ ಎರಡು ಪಾಳಿಗಳ ನಡುವೆ ಹಾಡುವ ಒಬ್ಬ ನರ್ಸು, ತಾಳ ತಪ್ಪಿದರೂ ಬಿಡದೆ ಬಾರಿಸುವ ಮೂವರು ನಿವೃತ್ತ ಅಂಚೆಯವರು, ಜಗಳವಾಡಿಕೊಂಡೇ ಯುಗಳಗೀತೆ ಮುಗಿಸುವ ಗಂಡಹೆಂಡಿರು, ಕಿವಿಯ ತೂತು ದೊಡ್ಡದಾಗುವಷ್ಟು ಜೋರಾಗಿ ಗಿಟಾರು ಬಾರಿಸಿ ಕೊನೆಗೆ ಲಾಲಿ ಹಾಡುವ ಒಂದು ಗುಂಪು, ಎರಡನೇ ಚರಣದಲ್ಲಿ ನಾಯಿ ಬೊಗಳಿದರೂ ಅಳಿಸದೆ ಹಾಗೇ ಬಿಟ್ಟ ಪುಣ್ಯಾತ್ಮ. ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗಿರುವ ಈ ಕಲಸುಮೇಲೋಗರವನ್ನು ಯಾವುದರ ಹಿಂದೆ ಯಾವುದು ಬಂದರೆ ಚೆನ್ನ ಎಂದು ಭಾನುವಾರವಿಡೀ ಕೂತು ಜೋಡಿಸುವುದೇ ನನ್ನ ಬದುಕಿನ ಏಕೈಕ ಚಟ. ಕೇಳಿ ಕೇಳಿ ದಾರದಕ್ಕನಿಗೂ ರುಚಿ ಹತ್ತಿದೆ. 'ಗೋಂದಣ್ಣ, ಆ ಜಗಳಗಂಟರು ಈ ವಾರ ಬರಲ್ವಾ?' ಎಂದು ಆಕೆಯೇ ಕೇಳುತ್ತಾರೆ. ಕಟಿಂಗ್ ಮಾವ ಮಾತ್ರ 'ಇದೆಂಥ ಹಾಡಯ್ಯಾ, ಪಾತ್ರೆ ತೊಳೆದ ಹಾಗಿದೆ' ಎಂದು ಹದಿನೇಳು ವರ್ಷದಿಂದ ಒಂದೇ ವಿಮರ್ಶೆ ಬರೆಯುತ್ತಿದ್ದಾರೆ, ಕೋಣನ ಮುಂದೆ ಕಿನ್ನರಿ ಎಂದು ನಾನೂ ಕೈಬಿಟ್ಟಿದ್ದೆ.

ಈ ಎಲ್ಲವನ್ನೂ ಡಬ್ಬದೊಳಗಿಂದ ಆಲಿಸಿ ತಾವು ನನ್ನನ್ನು ಅರ್ಥಮಾಡಿಕೊಂಡ ಬಗೆಯನ್ನು ಹೊಗಳದೆ ಮುಂದೆ ಹೋದರೆ ನಾಲಿಗೆ ಸೇದೀತು. ಜಗಳದ ಯುಗಳಗೀತೆ ಕೇಳಿದ ಮರುದಿನ ತಾವು ನನಗೆ ವಿಚ್ಛೇದನದಿಂದ ಚೇತರಿಸಿಕೊಳ್ಳುವ ಹಾಡುಗಳನ್ನು ಕಳುಹಿಸಿದಿರಿ. ನನಗೆ ಮದುವೆಯೇ ಆಗಿಲ್ಲ. ನಾಯಿ ಬೊಗಳಿದ ಹಾಡಿಗೆ ಪ್ರತಿಯಾಗಿ, ಮನೆಯಲ್ಲಿ ಒಂಟಿಯಾಗಿರುವ ನಾಯಿಗಳನ್ನು ಸಮಾಧಾನಪಡಿಸುವ ಸಂಗೀತವನ್ನು ಒದಗಿಸಿದಿರಿ. ಕೇಳಿದೆ, ನನಗೂ ಸಮಾಧಾನವಾಯಿತು. ಇಂಥ ಸೂಕ್ಷ್ಮಮತಿಗಳ ಮೇಲೆ ದೂರು ಹೇಳಬೇಕಾಗಿ ಬಂದಿರುವುದು ನನ್ನ ದುರದೃಷ್ಟವೇ ಹೊರತು ಬೇರೇನಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನನಗೊಬ್ಬ ತಂಗಿಯಿದ್ದಾಳೆ, ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ. ಅವಳು ಒಂದು ಹಾಡು ಕಟ್ಟಿ, ನಮ್ಮ ಮನೆಯ ಬಚ್ಚಲಲ್ಲಿ ದನಿ ಗುಂಯ್ಗುಡುತ್ತದೆಂದು ಅಲ್ಲೇ ಗಿಟಾರು ಹಿಡಿದು ಹಾಡಿ, ಒಂದು ಅಡ್ಡಹೆಸರಿನಲ್ಲಿ ತಮ್ಮ ಉಗ್ರಾಣಕ್ಕೆ ಸೇರಿಸಿದ್ದಳು. ಬಚ್ಚಲ ನಲ್ಲಿಯ ವಾಷರು ಹೋಗಿ ತೊಟಕ್ ತೊಟಕ್ ಎನ್ನುವುದು ನಿಲ್ಲದ್ದರಿಂದ ಅದನ್ನೇ ತಾಳ ಮಾಡಿಕೊಂಡಿದ್ದಳು. ನಿಲ್ದಾಣದಲ್ಲಿ ನಿಂತವಳ ಮುಂದೆ ಎಲ್ಲ ಬಸ್ಸೂ ಬರುತ್ತವೆ, ಅವಳದ್ದೊಂದು ಬಿಟ್ಟು. ಇಷ್ಟೇ ಹಾಡು, ಆದರೆ ಮೂರನೇ ಸಾಲಿನಲ್ಲಿ ದನಿ ಇದ್ದಕ್ಕಿದ್ದಂತೆ ಮೇಲೇರಿದಾಗ ಬಸ್ಸು ತಪ್ಪಿಸಿಕೊಂಡವನಿಗೂ ಖುಷಿಯಾಗಬೇಕು, ಹಾಗಿದೆ. ಅಣ್ಣನೆಂದು ಹೇಳುತ್ತಿಲ್ಲ. ಸರಿ, ಅಣ್ಣನೆಂದೇ ಹೇಳುತ್ತಿದ್ದೇನೆ ಎಂದಿಟ್ಟುಕೊಳ್ಳಿ, ಆದರೂ ಹಾಗಿದೆ.

ವರ್ಷವಾದರೂ ಆ ಹಾಡನ್ನು ಕೇಳಿದ ಸಲ ನಲವತ್ತೊಂದು, ಅದರಲ್ಲಿ ಮೂವತ್ತೆಂಟು ನಾನು, ಒಂದು ನಮ್ಮಮ್ಮ, ಒಂದು ಅವಳೇ, ಇನ್ನೊಂದು ಯಾರದೋ ಬೆರಳು ಜಾರಿದ್ದು. ಈ ಮೂವತ್ತೆಂಟರ ಗುಟ್ಟು ಅವಳಿಗೆ ಗೊತ್ತಾದ ದಿನ ಗಿಟಾರು ಚೀಲ ಸೇರಿ ಬೀರುವಿನ ನೆತ್ತಿಗೇರಿತು. 'ಅಣ್ಣಾ, ಕೇಳೋರು ಇದಾರೆ ಅಂತ ನೀನು ನನ್ನ ನಂಬಿಸ್ಬೇಡ. ತಿಂಗಳ ಕೊನೇ ಶನಿವಾರ ಇದನ್ನ ಸಂಗೀತದ ಶಾಲೆಗೆ ಕೊಟ್ಟುಬಿಡ್ತೀನಿ, ಕಲಿಯೋ ಮಕ್ಕಳಿಗಾದ್ರೂ ಆಗ್ಲಿ' ಎಂದಳು. ನಾನು ಅತ್ತೂ ಕರೆದೂ ಒಂದು ಷರತ್ತು ಗಿಟ್ಟಿಸಿದೆ: ನೆಂಟರಲ್ಲದ ಒಬ್ಬರು, ನಾನು ಇವಳ ಹಾಡೆಂದು ಹೇಳದೆ, ತಾವಾಗಿ ಅದನ್ನು ಮೆಚ್ಚಿದರೆಂದು ಅವಳಿಗೆ ಖಾತ್ರಿಯಾದರೆ ಗಿಟಾರು ಮನೆಯಲ್ಲೇ ಉಳಿಯುತ್ತದೆ. 'ಒಬ್ಬರೇ ಸಾಕು' ಎಂದು ಒಣನಗೆ ನಕ್ಕಳು.

ಹೀಗೆ ಆ ಹಾಡು ನನ್ನ ಪಟ್ಟಿ ಸೇರಿತು. ಮೊದಲ ವಾರ ಒಂಬತ್ತನೆಯದಾಗಿ, ಅಂಚೆಯವರ ಬೆನ್ನಿಗೆ ಇಟ್ಟೆ. ದಾರದಕ್ಕ ಹೊಲಿಗೆ ಎಣಿಸುತ್ತ ಕಿವಿಯನ್ನೇ ಕೊಡಲಿಲ್ಲ. ಎರಡನೇ ವಾರ ನರ್ಸಮ್ಮನ ಮುಂದೆ ಇಟ್ಟೆ. ಸರಿಯಾಗಿ ಮೂರನೇ ಸಾಲಿಗೆ ಮಾವನ ಯಂತ್ರ ದಬ್ಬೆಂದು ಬಿದ್ದು ತಂಗಿಯ ದನಿ ಏರಿದ್ದು ಯಾರಿಗೂ ಕೇಳಿಸಲಿಲ್ಲ. ಒಂದು ಸಲವಲ್ಲ, ದಿನಾ ಅದೇ ಸಾಲಿಗೆ ದಬ್. ಮುದುಕ ಬೇಕೆಂದೇ ಮಾಡುತ್ತಿದ್ದಾರೆಂದು ನನಗೆ ಮೈಯೆಲ್ಲ ಉರಿಯಿತು, ಆದರೆ ಬಾಯಿಬಿಟ್ಟರೆ ಷರತ್ತು ಮುರಿಯುತ್ತದೆ.

ಕೊನೆಯ ವಾರ, ಸೋಮವಾರ ಮಂಗಳವಾರ ನಡುವೆ ಇಟ್ಟದ್ದೂ ಅದೇ ದಬ್ಬಿಗೆ ಬಲಿಯಾದ ಮೇಲೆ, ಬುಧವಾರ ಮಧ್ಯಾಹ್ನ ಊಟಕ್ಕೆಂದು ಕೈ ತೊಳೆದಾಗ ಅದನ್ನು ಇಪ್ಪತ್ತೆರಡನೆಯದಾಗಿ, ಕಟ್ಟಕಡೆಗೆ ಸರಿಸಿದೆ. ಮುಗಿದ ಮೇಲೆ ಒಂದು ಮೌನ ಬರುತ್ತದೆ, ಆ ಮೌನದಲ್ಲಿ ಯಾರಾದರೂ ಒಬ್ಬರು 'ಇದ್ಯಾರು ಹಾಡಿದ್ದು?' ಎಂದು ಕೇಳಿಯೇ ಕೇಳುತ್ತಾರೆಂಬುದು ನನ್ನ ಲೆಕ್ಕಾಚಾರ. ಹಾಡು ಮುಗಿಯಿತು. ದಾರದಕ್ಕ ಸೂಜಿ ಎತ್ತಿ ಹಿಡಿದು ಬಾಯಿ ತೆರೆದರು, ನಾನು ಕಂಡೆ, ದೇವರಾಣೆ ತೆರೆದರು. ಆಗ, ಮಾನ್ಯರೇ, ಪಟ್ಟಿ ಮುಗಿದೊಡನೆ ಕರೆಯದೆ ಬಂದು ಆಸನವೇರುವ ತಾವು, ಹಾಡಿನಲ್ಲಿ ನಲ್ಲಿ ತೊಟ್ಟಿಕ್ಕಿದ್ದನ್ನು ಕೇಳಿ ಈ ಮನುಷ್ಯನಿಗೆ ನಿದ್ದೆ ಬರುತ್ತಿಲ್ಲ ಪಾಪ ಎಂದು ಮರುಗಿ, ಗಾಢನಿದ್ರೆಗಾಗಿ ಧ್ವನಿಮುದ್ರಿಸಿದ ಮಳೆಯನ್ನು ಸುರಿಸತೊಡಗಿದಿರಿ.

ನಲವತ್ತು ನಿಮಿಷ. ಒಂದು ಶಾಲೆಯ ಹಾಜರಿ ಪುಸ್ತಕಗಳಿಗೆ ರಟ್ಟು ಅಂಟಿಸುವ ಕೆಲಸ ನಡೆಯುತ್ತಿತ್ತು, ಮೂವರ ಕೈಯೂ ಮೊಣಕೈವರೆಗೆ ಗೋಂದು, ಮುಟ್ಟುವ ಹಾಗಿಲ್ಲ. ದಾರದಕ್ಕನ ತೆರೆದ ಬಾಯಿ ಆಕಳಿಕೆಯಾಗಿ ಮುಂದುವರಿಯಿತು, ಮಾವ ಯಂತ್ರ ನಿಲ್ಲಿಸಿ ಅದಕ್ಕೇ ಒರಗಿದರು, ನನ್ನ ಕೈ ಮಾತ್ರ ಅಭ್ಯಾಸಬಲದಿಂದ ನಡೆಯುತ್ತಲೇ ಇತ್ತು. ಯಜಮಾನಿ ಬಂದು ಕಪಾಟಿಗೆ ಗುದ್ದಿದಾಗ ಎಚ್ಚರಾಗಿ ನೋಡುತ್ತೇನೆ, ಅರವತ್ನಾಲ್ಕು ಪುಸ್ತಕಗಳಿಗೆ ರಟ್ಟು ತಲೆಕೆಳಗಾಗಿ ಕೂತಿದೆ. 'ಏನ್ರೀ ಗೋಂದಣ್ಣ, ಮಕ್ಕಳು ಕಾಲು ಮೇಲೆ ಮಾಡಿ ನಿಂತು ಹಾಜರಿ ಹೇಳ್ಬೇಕಾ? ನಾಳೆಯಿಂದ ಆ ಡಬ್ಬ ಖಾಲಿ ಇರ್ಲಿ. ಹಾಡೂ ಇಲ್ಲ, ಗೀಡೂ ಇಲ್ಲ' ಎಂದರು. ಹದಿನೇಳು ವರ್ಷದಲ್ಲಿ ನಾನು ತಲೆತಗ್ಗಿಸಿದ್ದು ಅದೇ ಮೊದಲು.

ಗುರುವಾರ, ಶುಕ್ರವಾರ ನಮ್ಮಲ್ಲಿ ಮೌನವೋ ಮೌನ. ಒದ್ದೆ ಬಟ್ಟೆ ಹಾಕಿ ನೆನೆಸಿ, ಚಪ್ಪಟೆ ಚಾಕು ತೂರಿಸಿ ಒಂದೊಂದೇ ರಟ್ಟು ಬಿಡಿಸುತ್ತ, ಗಿಟಾರಿನ ಋಣ ತೀರಿತೆಂದು ನಾನು ಒಳಗೊಳಗೇ ಕುದಿಯುತ್ತ, ತಮ್ಮ ಕುಲಗೋತ್ರವನ್ನು ಸ್ಮರಿಸುತ್ತ ಕೂತಿದ್ದೆ. ಶನಿವಾರ ಮಧ್ಯಾಹ್ನ ನನ್ನ ಬಲಗಡೆಯಿಂದ ಏನೋ ಸದ್ದು ಬಂತು. ಕಟಿಂಗ್ ಮಾವ ಗುನುಗುತ್ತಿದ್ದರು. ಪಾತ್ರೆ ತೊಳೆದ ಹಾಗಿದೆ ಎನ್ನುತ್ತಿದ್ದ ಮಾವ, ಹಾಳೆಯ ಅಂಚು ಸರಿಮಾಡುತ್ತ, ನಾಲಿಗೆಯಿಂದ ತೊಟಕ್ ತೊಟಕ್ ಎನ್ನಿಸುತ್ತ, ಎಲ್ಲ ಬಸ್ಸುಗಳನ್ನೂ ಕಳುಹಿಸಿಕೊಡುತ್ತಿದ್ದರು! ದಾರದಕ್ಕ ಬೆರಗಾಗಿ ನೋಡಿದ್ದಕ್ಕೆ, 'ಆ ನಲ್ಲಿ ಹಾಡು ಕಣಮ್ಮ. ಹಾಳಾದ್ದು ತಲೆಯಿಂದ ಇಳೀತಾನೇ ಇಲ್ಲ. ಅದರ ತಾಳಕ್ಕೇ ಬ್ಲೇಡು ಬಿಡ್ತಿದ್ದೆ, ಈಗ ಹಾಡಿಲ್ದೆ ಕೈಯೇ ಓಡ್ತಿಲ್ಲ' ಎಂದರು. ಮುದುಕ ಹಾಡು ಕೆಡಿಸುತ್ತಿರಲಿಲ್ಲ, ತಾಳ ಹಾಕುತ್ತಿದ್ದರು.

ಅಷ್ಟರಲ್ಲಿ ಯಜಮಾನಿಯ ಕನ್ನಡಕ ರಿಪೇರಿ ಮಾಡಿ ತಂದಿದ್ದ ನನ್ನ ತಂಗಿ ಬಾಗಿಲಲ್ಲಿ ನಿಂತಿದ್ದಳು. ಹೆಗಲಲ್ಲಿ ಗಿಟಾರಿನ ಚೀಲ, ಅಲ್ಲಿಂದ ನೇರ ಸಂಗೀತದ ಶಾಲೆಗೆ ಹೊರಟವಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಕಾಣೆ. ಮಾವ ಮೂರನೇ ಸಾಲಿಗೆ ಬಂದರು, ಅಲ್ಲಿ ದನಿಯನ್ನು ಮೇಲೇರಿಸದೆ ದೊಪ್ಪನೆ ಕೆಳಗಿಳಿಸಿದರು, ಯಾಕೆಂದರೆ ಆ ಜಾಗದಲ್ಲಿ ದಿನಾ ತಮ್ಮ ಯಂತ್ರವೇ ಬೀಳುತ್ತಿದ್ದುದರಿಂದ ಆ ಸ್ವರ ಅವರ ಕಿವಿಗೆ ಎಂದೂ ಬಿದ್ದಿರಲಿಲ್ಲ. ತಂಗಿಗೆ ತಡೆಯಲಾಗಲಿಲ್ಲ. 'ಮಾವ, ಅಲ್ಲಿ ಇಳೀಬಾರ್ದು, ಏರ್ಬೇಕು' ಎಂದಳು. ಮಾವ ತಿರುಗಿಯೂ ನೋಡದೆ, 'ನಿಂಗೇನಮ್ಮ ಗೊತ್ತು? ಮೂರು ವಾರದಿಂದ ದಿನಾ ಕೇಳ್ತಿರೋನು ನಾನು' ಎಂದು ಗದರಿದರು.

ನನ್ನ ತಂಗಿ ನಕ್ಕಳು ನೋಡಿ, ವರ್ಷದಿಂದ ಹಾಗೆ ನಕ್ಕಿರಲಿಲ್ಲ. ನಗುತ್ತ ನಗುತ್ತಲೇ ಚೀಲ ಬಿಚ್ಚಿ, ಗೋಂದಿನ ಪೀಪಾಯಿಯ ಮೇಲೆ ಕೂತು, ಮೂರನೇ ಸಾಲನ್ನು ಮಾವನಿಗೆ ಹೇಳಿಕೊಟ್ಟಳು. ಅವರು ನಾಲ್ಕು ಸಲ ತಪ್ಪಿ ಐದನೆಯದಕ್ಕೆ ಏರಿದರು. ನನಗೆ ಅಳು ಬಂತು, ಕೈಗೆ ಗೋಂದಿದ್ದರಿಂದ ಒರೆಸಿಕೊಳ್ಳಲೂ ಆಗದೆ ಎಲ್ಲರೆದುರು ಹಾಗೇ ನಿಂತಿದ್ದೆ. ಕಿಟಕಿಯಾಚೆಯಿಂದ ಯಜಮಾನಿ, 'ಮಾವ ಹಾಡೋದಕ್ಕಿಂತ ಆ ಡಬ್ಬಾನೇ ವಾಸಿ, ಹಾಕ್ರಪ್ಪ' ಎಂದರು. ಗಿಟಾರು ಈಗ ನಮ್ಮ ಮನೆಯಲ್ಲಿ ಬೀರುವಿನ ಮೇಲಿಲ್ಲ, ಕೈಗೆಟಕುವ ಮೊಳೆಯಲ್ಲಿದೆ. ವಾಷರನ್ನು ಬದಲಿಸಬಾರದೆಂದು ಅವಳ ಅಪ್ಪಣೆಯಾಗಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಅಲ್ಪವೇ. ಒಂದು ದಿನದ ಮಟ್ಟಿಗೆ ತಾವು ಎರಡು ಕೈಗಳನ್ನು ಎಲ್ಲಿಂದಾದರೂ ಸಂಪಾದಿಸಿ, ನಮ್ಮಲ್ಲಿಗೆ ಬಂದು, ಅವನ್ನು ಗೋಂದಿನಲ್ಲಿ ಅದ್ದಿಕೊಂಡು, ಒಂದೇ ಒಂದು ಹಾಡನ್ನು ಮೊದಲಿಂದ ಕೊನೆಯವರೆಗೆ ಕೇಳಬೇಕು. ಹಾಡು ಮುಗಿದ ಮೇಲೆ ಒಂದು ರಟ್ಟು ಒಣಗುವಷ್ಟು ಹೊತ್ತು ಸುಮ್ಮನಿರುವುದನ್ನು ಕಲಿಯಬೇಕು. ಎದುರಿಗಿದ್ದವರು ಬಾಯಿ ತೆರೆದರೆ ಅದು ಆಕಳಿಕೆಯೋ ಪ್ರಶ್ನೆಯೋ ಎಂದು ನೋಡಬೇಕು. ಸಾಧ್ಯವಾದರೆ ಆ ನಲವತ್ತು ನಿಮಿಷದ ಮಳೆಯನ್ನು ವಾಪಸು ಮೋಡಕ್ಕೇ ಕಳುಹಿಸಬೇಕು. ಆದರೆ, ಸತ್ಯ ಹೇಳದಿದ್ದರೆ ಬಾಯಿ ಕಹಿಯಾದೀತು: ತಾವು ಮಳೆ ಸುರಿಸದಿದ್ದರೆ ಹಾಡು ನಿಲ್ಲುತ್ತಿರಲಿಲ್ಲ, ಹಾಡು ನಿಲ್ಲದಿದ್ದರೆ ಮಾವ ಗುನುಗುತ್ತಿರಲಿಲ್ಲ. ಆ ಮಟ್ಟಿಗೆ ತಮಗೆ ಋಣಿ. ಗೊತ್ತಿಲ್ಲದೆ ಮಾಡಿದ ಉಪಕಾರಕ್ಕೆ ಎಷ್ಟು ಕೃತಜ್ಞತೆ ಸಲ್ಲಬೇಕೋ ಅಷ್ಟನ್ನು ಅಳೆದು ಸಲ್ಲಿಸಿದ್ದೇನೆ.

ಹಗಲಿಡೀ ತಮ್ಮನ್ನು ಡಬ್ಬದಲ್ಲಿಟ್ಟು ಸಾಕುತ್ತಿರುವ,
ತಮ್ಮ ವಿಶ್ವಾಸಿ,
ಗೋಂದಣ್ಣ

ಮರೆತ ಮಾತು: ಈ ಪತ್ರ ಮುಗಿಸುವ ಹೊತ್ತಿಗೆ ತಮ್ಮಿಂದ ಹೊಸ ಶಿಫಾರಸೊಂದು ಬಂದಿದೆ. 'ನೀವು ಇದುವರೆಗೆ ಕೇಳಿರದ ಗಾಯಕಿ, ನಿಮಗೆ ಇಷ್ಟವಾಗಬಹುದು' ಎಂದು ನನ್ನ ತಂಗಿಯ ಹಾಡನ್ನು, ಅದೂ 'ಬೇಗ ನಿದ್ದೆ ಬರಲು' ಎಂಬ ಪಟ್ಟಿಯಲ್ಲಿ, ನನಗೇ ಕಳುಹಿಸಿದ್ದೀರಿ. ಹಿತ್ತಲ ಗಿಡವನ್ನು ಕಿತ್ತು ಅದೇ ಹಿತ್ತಿಲಿನವನಿಗೆ ಮದ್ದೆಂದು ತಂದುಕೊಟ್ಟ ತಮ್ಮ ಜಾಣತನಕ್ಕೆ ಎರಡೂ ಕೈ ಜೋಡಿಸಿ ಮುಗಿಯುತ್ತಿದ್ದೆ, ಆದರೆ ಕೈತುಂಬ ಗೋಂದಿದೆ. ಅಂಟಿಕೊಂಡರೆ ಬಿಡಿಸುವುದಕ್ಕೆ ತಾವೇ ಬರಬೇಕಾದೀತು.