ಮೊಬೈಲಿನೊಳಗಿನ ಮಾಸ್ತರ

ಬೆಳಗಿನ ಚಹಾ ಇನ್ನೂ ಗಂಟಲಿಗೆ ಇಳಿದಿರಲಿಲ್ಲ, ಡ್ರಾಯಿಂಗ್ ಮಾಸ್ತರ ಹುಲಿಗೇಶನ ಫೋನು ಬಂತು.

"ಶರಣಬಸಪ್ಪ ಸರ್, ಇವತ್ತ ಸಾಲಿ ತಪಾಸಣಿಗೆ ಸಾಹೇಬ್ರು ಬರಾಕತ್ಯಾರ್ರಿ. ಮನ್ಯಾಗ ವಿಡಿಯೋ, ಸಾಲ್ಯಾಗ ಪಾಠ, ಎರಡೂ ಕೂಡಿಸಿ ಇಂಗ್ಲಿಷ್ ಕಲಿಸದವರನ್ನ ಎತ್ತಂಗಡಿ ಮಾಡ್ತಾರಂತ!"

ಇಂಗ್ಲಿಷ್ ಮಾಸ್ತರ ಶರಣಬಸಪ್ಪ ಚಹಾದ ಕಪ್ಪು ಕೆಳಗಿಟ್ಟ. ಹೆಂಡತಿ ಶಿವಲೀಲಾ ತಾವರಗೇರಾದ ಅಂಗನವಾಡಿಯಲ್ಲಿ, ತಾನೆಲ್ಲೋ ದೂರದ ಸಾಲಿಯಲ್ಲಿ. ಹೀಗೆ ಎರಡು ಒಲೆಯ ಸಂಸಾರ ಮಾಡಿ ಸಾಕಾಗಿ, ಹೋದ ವರ್ಷವಷ್ಟೇ ಹೆಂಡತಿ ಇರುವ ಈ ಊರ ಹೈಸ್ಕೂಲಿಗೆ ಬಂದಿದ್ದ. ಮತ್ತೆ ಗಂಟುಮೂಟೆ ಕಟ್ಟುವುದೇ? ಶಿವಶಿವಾ!

'ಮಕ್ಕಳ ಮುಖ ನೋಡದ ಪಾಠ ಒಂದು ಪಾಠೇನು?' ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ ಮನುಷ್ಯ, ಈಗ ಅಡುಗೆಮನೆಯಲ್ಲಿ ಜೋಳದಹಿಟ್ಟಿನ ಡಬ್ಬಿಗೆ ಮೊಬೈಲು ಒರಗಿಸಿ ನಿಂತ. "ವಿ ಮಸ್ಟ್ ಸೇವ್ ವಾಟರ್..."

"ಏನ್ರೀ, ನಳಾ ಬಂದ್ ಮಾಡ್ರಿ ಮೊದ್ಲ! ನೀರೆಲ್ಲಾ ಹರದು ಹೊಂಟಾವ!" ಹಿಂದಿನಿಂದ ಶಿವಲೀಲಾ ಕೂಗಿದಳು.

ವಿಡಿಯೋ ತಿದ್ದಲು ಪುರುಸೊತ್ತೆಲ್ಲಿ? ಹಾಗೇ ಮಕ್ಕಳ ಗ್ರೂಪಿಗೆ ಕಳಿಸಿಬಿಟ್ಟ.

ಸಾಲಿಗೆ ಬಂದರೆ ಸಾಹೇಬರು ಆಗಲೇ ಎಂಟನೇ ತರಗತಿಯಲ್ಲಿ ಕುರ್ಚಿ ಹಿಡಿದಿದ್ದರು. ಅವರು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ, ಬೆಳಗಿನ ವಿಡಿಯೋ ನೋಡಿಕೊಂಡು ಬಂದಿದ್ದ ಮಕ್ಕಳು ಪಟಪಟ ಉತ್ತರ ಕೊಟ್ಟರು. "ವಿಡಿಯೋದಾಗ ನಳಾ ಬಿಟ್ಟವ್ರು ಯಾರು?" ಎಂದದ್ದಕ್ಕೆ "ಅವರ್ ಸರ್!" ಎಂದು ಒಕ್ಕೊರಲಿನಿಂದ ಕೂಗಿದರು. ಶರಣಬಸಪ್ಪ ನೆಲ ನೋಡಿದ.

"ಪಾಠ ಎಲ್ಲಿ ಛಲೋ ತಿಳೀತೈತಿ? ಇಲ್ಲೋ, ಮೊಬೈಲ್‌ನ್ಯಾಗೋ?" ಸಾಹೇಬರು ಕೇಳಿದರು.

ಹಿಂದಿನ ಬೆಂಚಿನ ರೂಪಾ ಎದ್ದಳು. ಇಡೀ ವರ್ಷ ಬಾಯಿ ಬಿಡದ ಹುಡುಗಿ.

"ಮೊಬೈಲ್‌ನ್ಯಾಗಿನ ಸರ್ ಛಲೋರಿ. ತಿಳೀಲಿಲ್ಲಂದ್ರ ಹತ್ತು ಸಲ ಹೇಳಿಸ್ಕೊಂಡ್ರೂ ಸಿಟ್ಟಿಗೇಳಂಗಿಲ್ರಿ. ಈ ಸರ್‌ಗೆ ಇನ್ನೊಮ್ಮೆ ಹೇಳ್ರಿ ಅನ್ನಾಕ ಅಂಜಿಕಿ ಬರ್ತೈತ್ರಿ."

ಶರಣಬಸಪ್ಪ ತಲೆಯೆತ್ತಿ ಅವಳನ್ನು ನೋಡಿದ. ದಡ್ಡಿ ಎಂದು ತಾನು ಕೈಬಿಟ್ಟ ಹುಡುಗಿ ಇವಳೇ ಅಲ್ಲವೇ? ಇನ್ನು ಮೇಲೆ ಇವಳಿಗೆ ನೂರು ಸಲವಾದರೂ ಸಮಾಧಾನದಿಂದ ಹೇಳಿಕೊಡಬೇಕು ಎಂದು ಮನಸ್ಸಿನಲ್ಲೇ ಆಣೆ ಮಾಡಿದ.

ಸಾಹೇಬರು ಅವನ ಕೈಹಿಡಿದು ಕುಲುಕಿದರು.

"ಭಾಳ ಛಲೋ ಮಾಡೀರಿ ಮಾಸ್ತರ. ಇಲ್ಲಿ ಮಕ್ಕಳಿಗೆ ನೀವು ಮೊಬೈಲ್‌ನ್ಯಾಗ ಸಿಕ್ಕೇ ಸಿಗ್ತೀರಿ. ಯಲಬುರ್ಗಾ ಕಡೆ ಒಂದು ಸಾಲಿ ಐತಿ, ಅಲ್ಲಿ ನೆಟ್‌ವರ್ಕೂ ಇಲ್ಲ, ಇಂಗ್ಲಿಷ್ ಮಾಸ್ತರೂ ಇಲ್ಲ. ಸೋಮವಾರದಿಂದ ಅಲ್ಲಿಗೆ ಹೋಗ್ರಿ. ಅಲ್ಲಿ ಖುದ್ದು ನೀವೇ ಬೇಕು!"

ಶರಣಬಸಪ್ಪ ಕೂತುಕೊಳ್ಳಲು ಕುರ್ಚಿ ಹುಡುಕಿದ. ಇದ್ದದ್ದು ಒಂದೇ, ಅದರ ಮೇಲೆ ಸಾಹೇಬರು ಕೂತಿದ್ದರು.