ಒಂಬತ್ತು ಸೆಕೆಂಡಿನ ವಿಚಾರ

...ಒಂಬತ್ತು ಸೆಕೆಂಡು ಎಂದು ಈಗ ಬರೆಯುತ್ತಿದ್ದೇನೆ, ಏಳೇ ಇದ್ದರೂ ಇರಬಹುದು. ಅಂದು ಸುಡುಬಿಸಿಲು ಎಂದು ಬರೆದು ಅಳಿಸಿದೆ. ಲಕ್ಷ್ಮೇಶ್ವರದ ನನ್ನ ನೆನಪುಗಳಲ್ಲೆಲ್ಲ ಬಿಸಿಲೇ ಇರುವುದರಿಂದ ಅದನ್ನು ಸಾಕ್ಷಿಯೆಂದು ಒಪ್ಪುವಂತಿಲ್ಲ. ಫಕ್ಕೀರವ್ವ ಎಂಬ ರೈತ ಹೆಂಗಸು ಬೈದದ್ದು ಮಾತ್ರ ಖಚಿತ. ಹೊಗಳಿಕೆಯನ್ನು ನನ್ನ ತಲೆ ತಿದ್ದಿ ಉದ್ದ ಮಾಡಿಕೊಳ್ಳುತ್ತದೆ, ಬೈಗುಳವನ್ನು ಇದ್ದ ಹಾಗೇ ಇಟ್ಟುಕೊಳ್ಳುತ್ತದೆ.

ಫೋನಿನ ಪರದೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು, ಯಾವ ಮಾತು ಯಾವಾಗ ಕಾಣಬೇಕು, ಜನ ಎಲ್ಲಿ ತಡವರಿಸುತ್ತಾರೆ ಎಂದು ನೋಡಿ ತೀರ್ಮಾನಿಸುವುದು ನನ್ನ ಕೆಲಸ. ಗದುಗಿನಲ್ಲಿ ಕೂತು ಇದನ್ನು ಮಾಡುತ್ತೇನೆ ಎಂದರೆ ನೆಂಟರು ಫೋನ್ ರಿಪೇರಿ ಎಂದೇ ತಿಳಿದು ಗಾಜು ಒಡೆದ ಫೋನುಗಳನ್ನು ತಂದುಕೊಡುತ್ತಾರೆ. ಆಗ ನಾವು ಲಕ್ಷ್ಮೇಶ್ವರದ ಶಿವಲಿಂಗಪ್ಪನವರ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೃತಕ ಬುದ್ಧಿಮತ್ತೆಯ ಸಹಾಯಕನೊಬ್ಬನನ್ನು ಕೂಡಿಸಿದ್ದೆವು. ಮೇಜಿನ ಮೇಲೊಂದು ಟ್ಯಾಬ್. ರೈತರು ಎಲೆ ಹಿಡಿದರೆ ಸಾಕು, ಅದು ಫೋಟೋ ತೆಗೆದು ಗಿಡಕ್ಕೆ ಏನಾಗಿದೆ ಎಂದು ಕನ್ನಡದಲ್ಲಿ ಹೇಳಬೇಕು. ಹೇಳಿತು! ರೆಪ್ಪೆ ಬಡಿಯುವಷ್ಟರಲ್ಲಿ! ಆ ವೇಗ ನೋಡಿ ನಾನು ಅಂಗಡಿಯಲ್ಲೇ ಕುಣಿಯುವುದೊಂದು ಬಾಕಿ.

ಅಡರಕಟ್ಟಿಯ ಫಕ್ಕೀರವ್ವ ಮೆಣಸಿನ ಗಿಡದ ಹಳದಿ ಎಲೆ ತಂದರು. ಎಲೆ ಹಿಡಿದ ಕೈ ಇನ್ನೂ ಕೆಳಗಿಳಿದಿರಲಿಲ್ಲ, "ನೀರು ಹೆಚ್ಚಾಗಿದೆ, ನಾಲ್ಕು ದಿನ ನಿಲ್ಲಿಸಿ" ಎಂದುಬಿಟ್ಟಿತು ಟ್ಯಾಬು.

"ಎಲಿ ನೋಡೇ ಇಲ್ಲಲ್ಲೋ ಇದು! ನನ್ನ ಹೊಲಕ್ಕ ನಾ ಎಷ್ಟು ನೀರ ಬಿಟ್ಟೇನಿ ಅಂತ ಇದಕ್ಕೇನ ಗೊತ್ತು? ಇದನ್ನ ಮಾಡಿದಾಂವ ಯಾಂವ?"

ಮಾಡಿದವನು ಗೊಬ್ಬರದ ಚೀಲಗಳ ಕಡೆ ಸರಿದು ನಿಂತೆ. ಶಿವಲಿಂಗಪ್ಪ ಎದ್ದು ಬಂದರು. ಎಲೆಯನ್ನು ಬೆಳಕಿಗೆ ಹಿಡಿದರು, ತಿಕ್ಕಿದರು, ಮೂಸಿದರು, "ಹೂಂ" ಎಂದರು, ಯಾವ ಹೊಲ ಎಂದು ಕೇಳಿದರು, ಮತ್ತೊಮ್ಮೆ "ಹೂಂ" ಎಂದರು. ಆಮೇಲೆ, "ಯವ್ವಾ, ನೀರ ಜಾಸ್ತಿ ಆಗ್ಯಾವ. ನಾಕ್ ದಿನ ಬಂದ್ ಮಾಡ್ರಿ."

"ಆತ್ರೀ ಸಾವ್ಕಾರ್ರ," ಎಂದು ಫಕ್ಕೀರವ್ವ ಹೊರಟೇಬಿಟ್ಟರು.

ನನಗೆ ರೋಮಾಂಚನ! ಉತ್ತರ ಒಂದೇ, ವ್ಯತ್ಯಾಸ ಬರೀ ಹೊತ್ತಿನದು. ಇಷ್ಟು ಹೊತ್ತು ಯಾಕೆ ತೆಗೆದುಕೊಂಡಿರಿ ಎಂದು ಶಿವಲಿಂಗಪ್ಪನವರನ್ನು ಕೇಳಿದೆ. "ಎಲಿ ನೋಡಿದ ಕೂಡಲೇ ನಂಗೂ ಗೊತ್ತಾಗತೈತ್ರಿ. ಕೂಡಲೇ ಹೇಳಿದ್ರ ಯಾರ್ ನಂಬತಾರ?" ಎಂದರು. ಅಯ್ಯೋ, ಮನೆಯಲ್ಲಿ ಹೆಂಡತಿ "ಪಲ್ಯ ಹೆಂಗಾಗೇತಿ?" ಎಂದಾಗ ತಟ್ಟನೆ "ಚಲೋ ಐತಿ" ಎಂದು ನಾನು ಎಷ್ಟು ಸಲ ಕೆಟ್ಟಿದ್ದೇನೆ! ಮನುಷ್ಯರ ಮನಸ್ಸನ್ನು ಓದಿ ಸಂಬಳ ತೆಗೆದುಕೊಳ್ಳುವವನು ಇಷ್ಟನ್ನು ಮನೆಯಲ್ಲೇ ಕಲಿಯಬಹುದಿತ್ತು.

ಅಂದೇ ಯಂತ್ರಕ್ಕೆ ಒಂಬತ್ತು ಸೆಕೆಂಡು (ಅಥವಾ ಏಳು) ಸುಳ್ಳು ಮೌನ ಕೊಟ್ಟೆ. ಪರದೆಯ ಮೇಲೆ ಒಂದು ಎಲೆ ನಿಧಾನ ತಿರುಗುತ್ತದೆ, ಕೆಳಗೆ "ನೋಡಾಕತ್ತೇನ್ರಿ" ಎಂಬ ಅಕ್ಷರ. ನಡುವೆ ಒಂದು "ಹೂಂ" ಕೂಡ ಸೇರಿಸಿದೆ. ವಾರದೊಳಗೆ ಅಂಗಡಿಯ ರಂಗೇ ಬದಲಾಯಿತು. "ಈಗ ಬುದ್ಧಿ ಬಂತ ನೋಡ್ ಇದಕ್ಕ!" ಎಂದು ರೈತರು ಟ್ಯಾಬಿನ ಬೆನ್ನು ತಟ್ಟತೊಡಗಿದರು. ನಾನು ಗದುಗಿಗೆ ಹಿಂದಿರುಗುವ ಬಸ್ಸಿನಲ್ಲಿ ನಿಂತೇ ಬಂದೆ. ಕೂರಲು ಮನಸ್ಸಾಗಲಿಲ್ಲ, ಅಥವಾ ಸೀಟಿರಲಿಲ್ಲ.

ಮತ್ತೊಮ್ಮೆ ನಾನು ಹೋದಾಗ ಶಿವಲಿಂಗಪ್ಪ ಮುಂಡರಗಿಗೆ ಮದುವೆಗೆ ಹೋಗಿದ್ದರು. ಫಕ್ಕೀರವ್ವ ಬೇರುಸಮೇತ ಕಿತ್ತ ಗಿಡ ಹಿಡಿದು ಬಂದರು. "ಎರಡ ಸಾಲು ಹಿಂಗ ಬಾಡ್ಯಾವ" ಎಂದು ಯಂತ್ರಕ್ಕೇ ಹೇಳಿದರು. ಎಲೆ ತಿರುಗಿತು. ಹೂಂ ಅಂದಿತು. ಬಳಿಕ ಹೇಳಿತು: ಬೇರು ಕೊಳೆತಿದೆ, ಆ ಎರಡೂ ಸಾಲು ಕಿತ್ತುಹಾಕಿ, ಇಲ್ಲವಾದರೆ ಹೊಲಕ್ಕೆಲ್ಲ ಹಬ್ಬುತ್ತದೆ.

ಅವರು ನನ್ನ ಕಡೆ ತಿರುಗಿದರು. "ತಮ್ಮಾ, ಖರೆ ಹೇಳು. ಇದು ವಿಚಾರ ಮಾಡಿ ಹೇಳತೈತೇನು?"

ಎರಡು ಸಾಲು ಮೆಣಸಿನ ಗಿಡ. ನೆಟ್ಟಿದ್ದು ಅವರು, ನೀರು ಹೊತ್ತಿದ್ದು ಅವರು. ಕೀಳುವುದು ಮಾತ್ರ ನಾನು ಬರೆದ ಸುಳ್ಳು "ಹೂಂ" ನಂಬಿ.

"ಇಲ್ಲಬೇ ಯವ್ವಾ. ಉತ್ತರ ಆಗಲೇ ಬಂದಿರತೈತಿ. ಆ ಹೊತ್ತು ನಾ ಸುಮ್ಮ ಹಚ್ಚಿದ್ದು."

"ಮತ್ತ 'ನೋಡಾಕತ್ತೇನ್ರಿ' ಅಂದದ್ದು?"

"ಸುಳ್ಳ."

ಬೈಗುಳಕ್ಕೆ ಸಿದ್ಧನಾದೆ. ಫಕ್ಕೀರವ್ವ ನಕ್ಕರು. "ಹಂಗಾರ ಥೇಟ್ ಸಾವ್ಕಾರ್ರಂಗ ಐತಿ ಬಿಡು. ಅವರೂ ಎಲಿ ಮೂಸಿ ನಾಟಕ ಮಾಡತಾರ, ನಂಗೇನ ತಿಳಿಯಂಗಿಲ್ಲನ? ಅಷ್ಟೊತ್ತಿನ್ಯಾಗ ನಾ ಮನಸ ಗಟ್ಟಿ ಮಾಡ್ಕೊಂತೇನಿ. ಅದನ್ನ ತಗೀಬ್ಯಾಡ."

ತೆಗೆಯಲಿಲ್ಲ. ನನ್ನ ವರದಿಯಲ್ಲಿ ಅದನ್ನು "ನಂಬಿಕೆ ಹೆಚ್ಚಿಸುವ ವಿರಾಮ" ಎಂದು ಬರೆದಿದ್ದೆ. ಹೊಡೆದುಹಾಕಿದೆ, ಬದಲಿಗೆ ಏನು ಬರೆಯಬೇಕೆಂದು ತಿಳಿಯದೆ ಆ ಜಾಗವನ್ನು ಖಾಲಿ ಬಿಟ್ಟು ಕಳಿಸಿದೆ. ಫಕ್ಕೀರವ್ವ ಎರಡೂ ಸಾಲು ಕಿತ್ತರು. ಉಳಿದ ಗಿಡಗಳು ಚೆನ್ನಾಗಿ ಕಾಯಿ ಹಿಡಿದವು ಎಂದು ಶಿವಲಿಂಗಪ್ಪ ಫೋನಿನಲ್ಲಿ ಹೇಳಿದರು. ಆ ಎರಡು ಸಾಲು ಕೀಳದೇ ಇದ್ದಿದ್ದರೂ ಅವು ಹಾಗೇ ಇರುತ್ತಿದ್ದವೇ? ಯಂತ್ರಕ್ಕೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.